ಗುಡಿಸುವ ರೋಬೋಟ್‌ನ ಹೀರುವ ಶಕ್ತಿ ಎಷ್ಟಿದ್ದರೂ ನಡೆಯುತ್ತದೆ, ದಾರಿ ತಿಳಿಯುವುದನ್ನೂ ಒರೆಸುವುದನ್ನೂ ನೋಡಿ ಕೊಳ್ಳಿ

ನೆಲ ಗುಡಿಸಿ ಒರೆಸುವ ರೋಬೋಟ್ ಕೊಳ್ಳಲು ಹೊರಟ ನೆಂಟರು, ನೆರೆಯವರು ನನ್ನನ್ನು ಮೊದಲು ಕೇಳುವುದು ಹೀರುವ ಶಕ್ತಿ ಎಷ್ಟು ಪ್ಯಾಸ್ಕಲ್ ಇರಬೇಕು ಎಂದು. ಡಬ್ಬಿಯ ಮೇಲೂ ಅದೇ ಸಂಖ್ಯೆ ದಪ್ಪಕ್ಷರದಲ್ಲಿರುತ್ತದೆ: 2,500, 5,000, 10,000. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ ಮನೆಗೆ ಆ ಲೆಕ್ಕ ಬೇಕು. ಟೈಲ್ಸ್, ಗ್ರಾನೈಟ್, ಮೊಸಾಯಿಕ್, ರೆಡ್ ಆಕ್ಸೈಡ್ ನೆಲವಿರುವ ನಮ್ಮ ಮನೆಗಳಲ್ಲಿ ಧೂಳು ನೆಲದ ಮೇಲ್ಮೈಯಲ್ಲೇ ಕೂತಿರುತ್ತದೆ. ಬ್ರಷ್ ನೆಲಕ್ಕೆ ಸರಿಯಾಗಿ ತಾಗುತ್ತಿದ್ದರೆ 2,500 ಪ್ಯಾಸ್ಕಲ್‌ನ ಯಂತ್ರವೂ ಅದನ್ನು ಎತ್ತಿಕೊಳ್ಳುತ್ತದೆ. ಮೂರು ಮನೆಗಳಲ್ಲಿ ಮೂರು ಬಗೆಯ ಯಂತ್ರಗಳನ್ನು ವರ್ಷಗಳಿಂದ ಓಡಿಸಿ ನೋಡಿದ ಮೇಲೆ ನಾನು ಖಚಿತವಾಗಿ ಹೇಳಬಲ್ಲೆ: ಹಣ ಕೊಡಬೇಕಾದದ್ದು ದಾರಿ ತಿಳಿಯುವ ಬುದ್ಧಿಗೆ ಮತ್ತು ಒರೆಸುವ ಬಟ್ಟೆಯನ್ನು ತೊಳೆಯುವ ವ್ಯವಸ್ಥೆಗೆ. ಪ್ಯಾಸ್ಕಲ್‌ಗೆ ಅಲ್ಲ.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿರುವುದು ಲೇಸರ್ ನೆರವಿನಿಂದ ನಕ್ಷೆ ಬರೆದುಕೊಂಡು ಓಡಾಡುವ, ಹಿಂಬದಿಗೆ ಒದ್ದೆ ಬಟ್ಟೆ ಸಿಕ್ಕಿಸುವ ಯಂತ್ರ. ಮೈಸೂರಿನ ತಂಗಿಯ ಮನೆಯಲ್ಲಿ ಮೊದಲು ಗೈರೋಸ್ಕೋಪ್ (ತಿರುವು ಅಳೆಯುವ ಸಂವೇದಕ) ನೆಚ್ಚಿಕೊಂಡ ಅಗ್ಗದ ಯಂತ್ರವಿತ್ತು. ಈಗ ಅಲ್ಲಿಗೆ ಎರಡು ದುಂಡು ಬಟ್ಟೆಗಳನ್ನು ತಿರುಗಿಸುತ್ತಾ ಒರೆಸುವ, ನಡುನಡುವೆ, ಚಾರ್ಜ್ ಆಗಲು ತಾನು ನಿಲ್ಲುವ ಪೆಟ್ಟಿಗೆಯಾದ ಡಾಕ್‌ಗೆ ಹೋಗಿ ಆ ಬಟ್ಟೆಗಳನ್ನು ತೊಳೆಸಿಕೊಂಡು ಬರುವ ಯಂತ್ರ ಬಂದಿದೆ. ಅವಳ ಹಳೆಯ ಯಂತ್ರ ತಿಪಟೂರಿನಲ್ಲಿ ಅಪ್ಪ ಅಮ್ಮನ ಮನೆ ಸೇರಿತು. ಅದು ರೆಡ್ ಆಕ್ಸೈಡ್ ನೆಲದ, ಪ್ರತಿ ಕೋಣೆಗೂ ಮರದ ಹೊಸ್ತಿಲಿರುವ ಹಳೆಯ ಮನೆ. ಅಮ್ಮನಿಗೆ ಮಂಡಿನೋವು. ಬಗ್ಗಿ ಒರೆಸಬಾರದೆಂದು ವೈದ್ಯರು ಹೇಳಿದ್ದಾರೆ, ಒರೆಸದೆ ಬಿಡಲು ಅವರ ಮನಸ್ಸು ಒಪ್ಪುವುದಿಲ್ಲ. ಈ ಯಂತ್ರಗಳ ಬಗ್ಗೆ ನಾನು ಇಷ್ಟು ತಲೆ ಕೆಡಿಸಿಕೊಂಡದ್ದು ಅವರಿಗಾಗಿ.

ಮೊದಲು ದಾರಿಯ ವಿಷಯ. ಎಲೆಕ್ಟ್ರೋಲಕ್ಸ್ 2001ರಲ್ಲಿ ಟ್ರೈಲೋಬೈಟ್ ಎಂಬ ಯಂತ್ರವನ್ನು, ಐರೋಬೋಟ್ 2002ರಲ್ಲಿ ರೂಂಬಾವನ್ನು ಮಾರುಕಟ್ಟೆಗೆ ತಂದವು. ಆ ಕಾಲದ ರೂಂಬಾ ಗೋಡೆಗೋ ಕುರ್ಚಿಗೋ ಡಿಕ್ಕಿ ಹೊಡೆದು, ದಿಕ್ಕು ಬದಲಿಸಿ ಮತ್ತೆ ಹೊರಡುತ್ತಿತ್ತು. ಎಲ್ಲ ಮೂಲೆಗೂ ಹೋಯಿತೋ ಇಲ್ಲವೋ ಅದಕ್ಕೇ ತಿಳಿಯುತ್ತಿರಲಿಲ್ಲ. 2010ರಲ್ಲಿ ನೀಟೋ ಕಂಪನಿ ತಿರುಗುವ ಲೇಸರ್ ಕೂರಿಸಿದ ಯಂತ್ರ ತಂದಿತು, 2016ರಲ್ಲಿ ಶಓಮಿಯ ಯಂತ್ರ ಅದೇ ತಂತ್ರವನ್ನು ಕಡಿಮೆ ಬೆಲೆಗೆ ಇಳಿಸಿತು. ಇಂದು ಯಂತ್ರದ ನೆತ್ತಿಯ ಮೇಲೆ ಗುಂಡಗೆ ಕಾಣುವ ಗೋಪುರ ಅದೇ. ಲೇಸರ್ ಕಿರಣ ಸುತ್ತಲೂ ತಿರುಗಿ ಗೋಡೆ, ಸೋಫಾ, ಕಪಾಟುಗಳ ದೂರ ಅಳೆಯುತ್ತದೆ, ಯಂತ್ರ ಅದರಿಂದ ನಕ್ಷೆ ಕಟ್ಟಿಕೊಂಡು ಸಾಲು ಸಾಲಾಗಿ ಗುಡಿಸುತ್ತದೆ. ಕತ್ತಲೆಯಲ್ಲೂ ಕೆಲಸ ನಿಲ್ಲುವುದಿಲ್ಲ. ಅಡುಗೆಮನೆಯನ್ನಷ್ಟೇ ಗುಡಿಸು, ದೇವರ ಮನೆಗೆ ಹೋಗಬೇಡ ಎಂದು ಮೊಬೈಲ್‌ನಲ್ಲಿ ಗೆರೆ ಎಳೆದು ಹೇಳಬಹುದು. ನೆಲದವರೆಗೂ ಇರುವ ಕನ್ನಡಿ ಮತ್ತು ಗಾಜಿನ ಬಾಗಿಲು ಮಾತ್ರ ಲೇಸರ್‌ಗೆ ಗೊಂದಲ ತರುತ್ತವೆ. ನಮ್ಮ ಮನೆಯ ಉದ್ದ ಕನ್ನಡಿಯ ಆಚೆಗೂ ಒಂದು ಕೋಣೆ ಇದೆಯೆಂದು ನಕ್ಷೆಯಲ್ಲಿ ಕಾಣಿಸಿಕೊಂಡಿತ್ತು. ಅಲ್ಲಿ ನಿಷೇಧದ ಗೆರೆ ಎಳೆದ ಮೇಲೆ ತೊಂದರೆಯಾಗಿಲ್ಲ.

ಗೈರೋಸ್ಕೋಪ್ ಯಂತ್ರ ಹಾಗಲ್ಲ. ಅದು ತನ್ನ ಚಕ್ರ ಎಷ್ಟು ಸುತ್ತಿತು, ತಾನು ಎಷ್ಟು ತಿರುಗಿದೆ ಎಂಬ ಅಂದಾಜಿನ ಮೇಲೆ ಅಂಕುಡೊಂಕಾಗಿ ಸಾಗುತ್ತದೆ. ಯಾರಾದರೂ ಎತ್ತಿ ಬೇರೆಡೆ ಇಟ್ಟರೆ ಲೆಕ್ಕ ತಪ್ಪುತ್ತದೆ. ತಂಗಿಯ ಮನೆಯಲ್ಲಿ ಊಟದ ಮೇಜಿನ ಕಾಲುಗಳ ನಡುವೆ ಬಹಳ ಹೊತ್ತು ಸುತ್ತಿ, ಹಜಾರದ ಅರ್ಧ ಭಾಗ ಬಿಟ್ಟು ಬ್ಯಾಟರಿ ಮುಗಿಸುತ್ತಿತ್ತು. ಒಂದೇ ಕೋಣೆಯ ಮನೆಗೆ, ಬಾಡಿಗೆ ಕೋಣೆಯಲ್ಲಿರುವ ಹುಡುಗರಿಗೆ ಅದು ಸಾಕು. ಎರಡು ಮಲಗುವ ಕೋಣೆಗಳಿರುವ ಮನೆಗೆ ಕೊಳ್ಳಬೇಡಿ. ಹತ್ತು ಹದಿನೈದು ಸಾವಿರ ಕೊಟ್ಟು ನಿರಾಶರಾಗುವ ಬದಲು, ಇನ್ನಷ್ಟು ಕಾಲ ಕಾದು ಲೇಸರ್ ಇರುವುದನ್ನೇ ತೆಗೆದುಕೊಳ್ಳುವುದು ಮೇಲು.

ಗುಡಿಸುವ ಕೆಲಸದಲ್ಲಿ ಲೇಸರ್ ಯಂತ್ರ ನನ್ನ ನಂಬಿಕೆ ಗಳಿಸಿದೆ. ಮಂಚದ ಕೆಳಗೆ, ದಿವಾನದ ಕೆಳಗೆ, ಸೋಫಾದ ಹಿಂದೆ, ಅಂದರೆ ಪೊರಕೆ ತಿಂಗಳಿಗೊಮ್ಮೆಯೂ ತಲುಪದ ಜಾಗಗಳಲ್ಲಿ, ಅದು ಪ್ರತಿದಿನ ಹೋಗಿ ಬರುತ್ತದೆ. ಗೋಪುರ ಸೇರಿ ಅದರ ಎತ್ತರ ಹತ್ತು ಸೆಂಟಿಮೀಟರ್‌ನ ಆಸುಪಾಸಿನಲ್ಲಿರುತ್ತದೆ. ಕೊಳ್ಳುವ ಮೊದಲು ಮಂಚದ ಕೆಳಗಿನ ಜಾಗವನ್ನು ಅಳೆದು ನೋಡಿ. ರಸ್ತೆಯ ಧೂಳು ಬಿಡದೆ ಬರುವ ನಮ್ಮ ಮನೆಯಲ್ಲಿ ಮಗಳ ಬೆಳಗಿನ ಸೀನು ಕಡಿಮೆಯಾದದ್ದನ್ನು ನಾವೆಲ್ಲ ಗಮನಿಸಿದ್ದೇವೆ. ಅದರ ಶ್ರೇಯಸ್ಸನ್ನು ನಾನು ಮಂಚದ ಕೆಳಗಿನ ಧೂಳು ಹೋದದ್ದಕ್ಕೆ ಕೊಡುತ್ತೇನೆ.

ಕೂದಲಿನ ಮಾತು ಹೇಳದಿದ್ದರೆ ವಿಮರ್ಶೆ ಪೂರ್ತಿಯಾಗದು. ಉದ್ದ ಜಡೆಯವರು ಇರುವ ಮನೆಯಲ್ಲಿ ಮುಖ್ಯ ಬ್ರಷ್‌ಗೆ ಕೂದಲು ಸುತ್ತಿಕೊಳ್ಳುತ್ತದೆ. ಮುಡಿದು ಬಿಟ್ಟ ಮಲ್ಲಿಗೆಯ ದಾರ ಇನ್ನೂ ಕೆಟ್ಟದ್ದು. ನಾರಿನ ಎಳೆಗಳಿರುವ ಬ್ರಷ್‌ಗಿಂತ ರಬ್ಬರಿನ ಬ್ರಷ್ ಒಳ್ಳೆಯದು, ಕತ್ತರಿ ಹಿಡಿದು ಕೂರುವ ಕೆಲಸ ಬಹಳ ಕಡಿಮೆ. ಪಕ್ಕದ ಚಿಕ್ಕ ಬ್ರಷ್ಷಿನ ಬುಡದಲ್ಲೂ ಮುಂದಿನ ಪುಟ್ಟ ಚಕ್ರದ ಅಚ್ಚಿನಲ್ಲೂ ಕೂದಲು ಸೇರಿಕೊಳ್ಳುತ್ತದೆ. ಆ ಚಕ್ರವನ್ನು ಎಳೆದು ತೆಗೆಯಬಹುದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ತಿಪಟೂರಿನಲ್ಲಿ ಕೂದಲಿಗಿಂತ ತೆಂಗಿನ ನಾರಿನ ಕಾಟ ಹೆಚ್ಚು. ಹಿತ್ತಿಲಿನಲ್ಲಿ ಕಾಯಿ ಸುಲಿದ ದಿನ ಅಮ್ಮ ಯಂತ್ರವನ್ನು ಹೊರಗೆ ಬಿಡುವುದೇ ಇಲ್ಲ. ರಂಗೋಲಿ ಪುಡಿ ಅತಿ ನುಣುಪಾದದ್ದು, ಅದು ನೇರವಾಗಿ ಫಿಲ್ಟರ್ ಕಟ್ಟಿಸುತ್ತದೆ. ಹಬ್ಬದ ಮಾರನೆಯ ದಿನ ಫಿಲ್ಟರ್ ತಟ್ಟಿ ಕೊಡವಿ. ತೊಳೆಯಬಹುದಾದ ಫಿಲ್ಟರ್ ಆದರೆ ತೊಳೆದು ಒಂದು ಇಡೀ ದಿನ ಒಣಗಿಸಿಯೇ ಹಾಕಿ. ಹಸಿ ಫಿಲ್ಟರ್ ಹಾಕಿದರೆ ಧೂಳು ಅಂಟಿಕೊಂಡು ವಾಸನೆ ಹಿಡಿಯುತ್ತದೆ.

ಇನ್ನು ಒರೆಸುವುದು. ಜಾಹೀರಾತು ಮತ್ತು ನೆಲದ ನಡುವಿನ ಅಂತರ ಇಲ್ಲಿ ದೊಡ್ಡದು. ಕೈಯಲ್ಲಿ ಒರೆಸುವವರು ಏನು ಮಾಡುತ್ತಾರೆ ನೋಡಿ: ನಾಲ್ಕು ಅಡಿ ಒರೆಸಿ, ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಮತ್ತೆ ಒರೆಸುತ್ತಾರೆ. ಕೋಣೆ ಮುಗಿದರೆ ನೀರನ್ನೂ ಬದಲಿಸುತ್ತಾರೆ. ಬಟ್ಟೆ ಎಳೆದುಕೊಂಡು ಹೋಗುವ ರೋಬೋಟ್ ಒಂದೇ ಬಟ್ಟೆಯಿಂದ ಹಜಾರ, ಅಡುಗೆಮನೆ, ಮಲಗುವ ಕೋಣೆ ಎಲ್ಲವನ್ನೂ ಒರೆಸುತ್ತದೆ. ಮೇಲಿನಿಂದ ನೀರು ಜಿನುಗುತ್ತಿರುತ್ತದೆ ನಿಜ, ಆದರೆ ಬಟ್ಟೆಯಲ್ಲಿ ಸೇರಿದ ಕೊಳೆ ಅಲ್ಲೇ ಇರುತ್ತದೆ. ಅಡುಗೆಮನೆಯ ಎಣ್ಣೆಜಿಡ್ಡು ಮಲಗುವ ಕೋಣೆಗೆ ಹೋಗುವುದು ಹೀಗೆ. ಕಪ್ಪು ಗ್ರಾನೈಟ್ ಇದ್ದವರಿಗೆ ಸಂಜೆ ಬೆಳಕಿನಲ್ಲಿ ಅದರ ಪಟ್ಟೆಗಳು ಸ್ಪಷ್ಟವಾಗಿ ಕಾಣುತ್ತವೆ. ಇದನ್ನು ನಾನು ಒರೆಸುವುದು ಎಂದು ಕರೆಯಲಾರೆ, ಗುಡಿಸಿದ ಮೇಲೆ ಉಳಿದ ನವಿರು ಧೂಳನ್ನು ಒದ್ದೆ ಬಟ್ಟೆಯಲ್ಲಿ ಹಿಡಿದಂತೆ, ಅಷ್ಟೇ. ಆ ಮಟ್ಟಿಗೆ ಅದು ಉಪಯುಕ್ತ. ಒಣಗಿದ ಚಹಾ ಕಲೆ, ಸಾರಿನ ಕಲೆ ಅದರಿಂದ ಹೋಗುವುದಿಲ್ಲ.

ಈ ಬಗೆಯ ಯಂತ್ರವೇ ನಿಮ್ಮಲ್ಲಿದ್ದರೆ ಒಂದು ಕ್ರಮವನ್ನು ತಪ್ಪದೆ ಪಾಲಿಸಿ. ಗುಡಿಸುವುದನ್ನೂ ಒರೆಸುವುದನ್ನೂ ಒಟ್ಟಿಗೆ ಮಾಡಿಸಬೇಡಿ. ಮೊದಲು ಬಟ್ಟೆ ತೆಗೆದು ಇಡೀ ಮನೆ ಗುಡಿಸಿ, ಆಮೇಲೆ ಬಟ್ಟೆ ಸಿಕ್ಕಿಸಿ ಕೋಣೆಯಿಂದ ಕೋಣೆಗೆ ಒರೆಸಿ, ಅಡುಗೆಮನೆಯನ್ನು ಕೊನೆಗೆ ಇಟ್ಟುಕೊಳ್ಳಿ, ಮಧ್ಯೆ ಒಮ್ಮೆ ಬಟ್ಟೆ ಬದಲಿಸಿ. ಎರಡನ್ನೂ ಒಟ್ಟಿಗೆ ಮಾಡಿದರೆ ಪಕ್ಕದ ಬ್ರಷ್ ಚೆದುರಿಸಿದ ಪುಡಿ ಒದ್ದೆ ನೆಲಕ್ಕೆ ಅಂಟುತ್ತದೆ. ರಂಗೋಲಿ ಪುಡಿಯಾದರೆ ಬಿಳಿ ಗೆರೆಯಾಗಿ ಒಣಗುತ್ತದೆ. ನೀರನ್ನು ಎಲೆಕ್ಟ್ರಾನಿಕ್ ಪಂಪ್ ಬಿಡುತ್ತದೆಯೋ, ತಾನಾಗಿ ತೊಟ್ಟಿಕ್ಕುತ್ತದೆಯೋ ಎಂಬುದನ್ನೂ ವಿಚಾರಿಸಿ. ತಾನಾಗಿ ತೊಟ್ಟಿಕ್ಕುವ ಯಂತ್ರ ನಿಂತಲ್ಲೆಲ್ಲ ನೀರಿನ ಮಡು ಮಾಡುತ್ತದೆ.

ಬಟ್ಟೆಯನ್ನು ನಡುಗಿಸಿ ಉಜ್ಜುವ ಯಂತ್ರಗಳೂ ಇವೆ. ರೋಬೊರಾಕ್ ಎಸ್7 ನಿಮಿಷಕ್ಕೆ 3,000 ಸಲದವರೆಗೆ ಬಟ್ಟೆಯನ್ನು ಕಂಪಿಸುತ್ತದೆ. ಕಲೆ ಎಬ್ಬಿಸುವುದರಲ್ಲಿ ಆ ಬಗೆ ಎಳೆಯುವ ಬಟ್ಟೆಗಿಂತ ಮುಂದು. ತಂಗಿಯ ಮನೆಯಲ್ಲಿರುವ ತಿರುಗುವ ಬಟ್ಟೆಗಳು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತವೆ, ಏಕೆಂದರೆ ಅವು ನೆಲವನ್ನು ಒತ್ತಿ ಉಜ್ಜುತ್ತವೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ತೊಳೆಯುವುದರಲ್ಲಿದೆ. ಒಂದಷ್ಟು ಜಾಗ ಒರೆಸಿದ ಮೇಲೆ ಯಂತ್ರ ಡಾಕ್‌ಗೆ ಮರಳಿ, ಬಟ್ಟೆ ತೊಳೆಸಿಕೊಂಡು, ಬಿಟ್ಟ ಜಾಗದಿಂದ ಮುಂದುವರಿಸುತ್ತದೆ. ಕೊಳೆನೀರಿನ ತೊಟ್ಟಿಯನ್ನು ಮೊದಲ ಸಲ ಬಗ್ಗಿಸಿದಾಗ ಬಂದ ಕಂದು ನೀರನ್ನು ಕಂಡು ತಂಗಿ ನನಗೆ ಫೋನ್ ಮಾಡಿದ್ದಳು. ‘ಅಣ್ಣಾ, ಇಷ್ಟು ದಿನ ಇದೆಲ್ಲ ನಮ್ಮ ನೆಲದ ಮೇಲೇ ಇತ್ತಲ್ಲ’ ಎಂದಳು. ಬರಿಗಾಲಿನಲ್ಲಿ ಓಡಾಡುವ, ನೆಲದ ಮೇಲೆ ಕೂತು ಉಣ್ಣುವ ನಮಗೆ ಈ ವ್ಯತ್ಯಾಸ ಅಂಗಾಲಿಗೇ ತಿಳಿಯುತ್ತದೆ.

ಡಾಕ್‌ನ ಕಷ್ಟಗಳೂ ಸಣ್ಣವಲ್ಲ. ಅದಕ್ಕೆ ಪ್ಲಗ್ ಹತ್ತಿರವಿರುವ, ಎದುರಿಗೆ ಖಾಲಿ ಜಾಗವಿರುವ ಮೂಲೆ ಬೇಕು. ಕೊಳೆನೀರನ್ನು ಅಂದಂದೇ ಚೆಲ್ಲದಿದ್ದರೆ ಮಳೆಗಾಲದಲ್ಲಿ ಮನೆಯೆಲ್ಲ ನಾರುತ್ತದೆ. ಬಟ್ಟೆಯನ್ನು ಬಿಸಿಗಾಳಿಯಿಂದ ಒಣಗಿಸುವ ಸೌಲಭ್ಯವಿಲ್ಲದ ಡಾಕ್ ನಮ್ಮ ಹವೆಗೆ ಒಗ್ಗುವುದಿಲ್ಲ. ಯಂತ್ರದೊಳಗಿನ ಕಸವನ್ನು ಡಾಕ್ ತನ್ನ ಚೀಲಕ್ಕೆ ಎಳೆದುಕೊಳ್ಳುವಾಗ ಆಗುವ ಸದ್ದು ಮಿಕ್ಸಿಯಷ್ಟೇ ಜೋರು, ಮಗು ಮಲಗಿರುವ ಹೊತ್ತಿಗೆ ಅದು ನಡೆಯದಂತೆ ಸಮಯ ಗೊತ್ತುಪಡಿಸಬೇಕು. ಬೆಲೆಯೂ ನಮ್ಮ ಮನೆಯ ಯಂತ್ರದ ಎರಡರಷ್ಟನ್ನು ದಾಟುತ್ತದೆ. ಇಷ್ಟೆಲ್ಲ ಇದ್ದರೂ ಒರೆಸುವುದಕ್ಕಾಗಿಯೇ ಕೊಳ್ಳುವವರು ಇದನ್ನೇ ಕೊಳ್ಳಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ನೀರಿನ ಬಗ್ಗೆ ಒಂದು ಎಚ್ಚರಿಕೆ. ಆರ್‌ಓ ಶುದ್ಧೀಕರಣ ಯಂತ್ರದಿಂದ ಹೊರಬೀಳುವ ತ್ಯಾಜ್ಯ ನೀರನ್ನು ಕೂಡಿಟ್ಟು ನೆಲ ಒರೆಸುವ ಒಳ್ಳೆಯ ರೂಢಿ ಬೆಂಗಳೂರಿನ ಎಷ್ಟೋ ಮನೆಗಳಲ್ಲಿದೆ. ಬಕೆಟ್ಟಿಗೆ ಅದು ಸರಿ, ರೋಬೋಟ್‌ನ ತೊಟ್ಟಿಗೆ ಬೇಡ. ಆ ನೀರಿನಲ್ಲಿ ಲವಣಾಂಶ ಮೂಲ ನೀರಿಗಿಂತ ಹೆಚ್ಚಿರುತ್ತದೆ, ಸಣ್ಣ ಪಂಪು, ಕೊಳವೆಗಳಲ್ಲಿ ಅದು ಬಿಳಿಯ ಪದರವಾಗಿ ಕಟ್ಟಿಕೊಳ್ಳುತ್ತದೆ. ಬೋರ್‌ವೆಲ್‌ನ ಗಡಸು ನೀರಿಗೂ ಇದೇ ಮಾತು. ತಂಗಿಗೆ ಕಾವೇರಿ ನೀರಿರುವುದರಿಂದ ಚಿಂತೆಯಿಲ್ಲ. ನಾವು ತೊಟ್ಟಿಗೆ ಕುಡಿಯುವ ನೀರನ್ನೇ ಹಾಕುತ್ತೇವೆ, ಒಂದು ಸಲಕ್ಕೆ ಬೇಕಾಗುವುದು ಕಾಲು ಲೀಟರ್ ಮಾತ್ರ. ಫಿನಾಯಿಲ್ ಹಾಕಬೇಡಿ. ಅದು ರಬ್ಬರಿನ ಭಾಗಗಳನ್ನು ಕೆಡಿಸಬಹುದು.

ತಿಪಟೂರಿನ ಮನೆಗೆ ಈಗ ಬರುತ್ತೇನೆ. ಸಾಮಾನ್ಯ ರೋಬೋಟ್‌ಗಳು ಸುಮಾರು ಎರಡು ಸೆಂಟಿಮೀಟರ್ ಎತ್ತರದವರೆಗೆ ಹತ್ತಬಲ್ಲವು. ಹಳೆಯ ಮನೆಯ ಹೊಸ್ತಿಲು ಅದಕ್ಕಿಂತ ಬಹಳ ಎತ್ತರ, ಅರಿಶಿನ ಕುಂಕುಮ ಹಚ್ಚಿದ ಹೊಸ್ತಿಲ ಮೇಲೆ ಇಳಿಜಾರು ಹಲಗೆ ಇಡಲು ಅಮ್ಮ ಒಪ್ಪುವುದಿಲ್ಲ, ಒಪ್ಪಿಸುವುದು ನನಗೂ ಇಷ್ಟವಿಲ್ಲ. ಹೀಗಾಗಿ ಅಪ್ಪ ಯಂತ್ರವನ್ನು ಕೋಣೆಯಿಂದ ಕೋಣೆಗೆ ಎತ್ತಿಕೊಂಡು ಹೋಗುತ್ತಾರೆ. ಇನ್ನೊಂದು ತೊಡಕು ನೆಲದ ಅಂಚಿನದು. ರೆಡ್ ಆಕ್ಸೈಡ್ ನೆಲದ ಸುತ್ತ ಕಪ್ಪು ಪಟ್ಟಿ ಬಿಡುವುದು ಹಳೆಯ ಕಾಲದ ಚೆಲುವು. ಯಂತ್ರದ ಹೊಟ್ಟೆಯ ಕೆಳಗಿರುವ ಸಂವೇದಕಗಳು ನೆಲಕ್ಕೆ ಅವಕೆಂಪು ಕಿರಣ ಬಿಟ್ಟು, ಅದು ಮರಳಿ ಬಾರದಿದ್ದರೆ ಮುಂದೆ ಮೆಟ್ಟಿಲಿದೆಯೆಂದು ಹಿಂದೆ ಸರಿಯುತ್ತವೆ. ಕಪ್ಪು ಬಣ್ಣ ಆ ಕಿರಣವನ್ನು ನುಂಗಿಬಿಡುತ್ತದೆ. ಅಗ್ಗದ ಯಂತ್ರ ಆ ಪಟ್ಟಿಯ ಬಳಿ ಬಂದಾಗಲೆಲ್ಲ ಹೆದರಿ ತಿರುಗುತ್ತದೆ, ಗೋಡೆಯ ಅಂಚಿನ ಧೂಳು ಹಾಗೇ ಉಳಿಯುತ್ತದೆ. ನಮ್ಮ ಲೇಸರ್ ಯಂತ್ರವನ್ನು ಒಂದು ಬೇಸಿಗೆ ರಜೆಯಲ್ಲಿ ಅಲ್ಲಿಗೆ ಒಯ್ದು ನೋಡಿದೆ. ಅದು ಬಹುಪಾಲು ಪಟ್ಟಿಯನ್ನು ದಾಟಿ ಗುಡಿಸಿತು, ಹೊಸ ಪಾಲಿಷ್ ಮಾಡಿಸಿದ ಭಾಗದಲ್ಲಿ ಮಾತ್ರ ತಡವರಿಸಿತು. ಕಡಪ ಕಲ್ಲಿನ ನೆಲವಿರುವವರು ಅಂಗಡಿಯಲ್ಲಿ ಕಪ್ಪು ಹಾಸಿನ ಮೇಲೆ ಓಡಿಸಿ ತೋರಿಸಿ ಎಂದು ಕೇಳುವುದು ಒಳಿತು.

ಕ್ಯಾಮೆರಾ ಇರುವ ಯಂತ್ರಗಳು ಚಪ್ಪಲಿ, ವೈರು, ಆಟಿಕೆಗಳನ್ನು ಗುರುತಿಸಿ ಸುತ್ತಿಕೊಂಡು ಹೋಗುತ್ತವೆ. ಸೌಲಭ್ಯ ಒಳ್ಳೆಯದೇ. ಆದರೆ ಐರೋಬೋಟ್‌ನ ಪರೀಕ್ಷಾ ಯಂತ್ರಗಳು 2020ರಲ್ಲಿ ಮನೆಗಳೊಳಗೆ ತೆಗೆದ ಚಿತ್ರಗಳು, ಶೌಚಾಲಯದಲ್ಲಿದ್ದ ಮಹಿಳೆಯ ಚಿತ್ರವೂ ಸೇರಿ, ಚಿತ್ರಗಳಿಗೆ ಗುರುತು ಹಚ್ಚುವ ಗುತ್ತಿಗೆ ಕೆಲಸಗಾರರ ಮೂಲಕ ಹೊರಬಿದ್ದದ್ದು 2022ರಲ್ಲಿ ಬಯಲಾಯಿತು. ಅವು ಪರೀಕ್ಷೆಗೆ ಒಪ್ಪಿದವರ ಮನೆಯ ಯಂತ್ರಗಳು, ಅಂಗಡಿಯಲ್ಲಿ ಮಾರಿದವಲ್ಲ. ಹಾಗಿದ್ದರೂ ನಾನು ಮಲಗುವ ಕೋಣೆಯೊಳಗೆ ಕ್ಯಾಮೆರಾ ಓಡಾಡಲು ಬಿಡುವುದಿಲ್ಲ. ಲೇಸರ್ ಸಾಕು, ವೈರನ್ನು ನಾವೇ ಎತ್ತಿಡೋಣ.

ಈ ಉದ್ಯಮವನ್ನು ಮನೆಮಾತಾಗಿಸಿದ ಅದೇ ಐರೋಬೋಟ್ 2025ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ದೊಡ್ಡ ಹೆಸರಿಗೂ ಈ ಗತಿ ಬರಬಹುದಾದ್ದರಿಂದ, ಕಂಪನಿಯ ಸರ್ವರ್ ಇಲ್ಲದಿದ್ದರೂ ಗುಂಡಿ ಒತ್ತಿದರೆ ಯಂತ್ರ ಗುಡಿಸುತ್ತದೆಯೇ ಎಂದು ಕೇಳಿ ಕೊಳ್ಳಿ. ಬ್ಯಾಟರಿ, ಬ್ರಷ್, ಫಿಲ್ಟರ್, ಬಟ್ಟೆ ನಿಮ್ಮ ಊರಿಗೆ ಬರುತ್ತವೆಯೇ ಎಂಬುದನ್ನೂ ವಿಚಾರಿಸಿ. ನಮ್ಮ ಯಂತ್ರದ ಬ್ಯಾಟರಿ ಕುಗ್ಗಿ ಅರ್ಧ ಮನೆಗೇ ಚಾರ್ಜ್ ಆಗಲು ಡಾಕ್‌ಗೆ ಮರಳತೊಡಗಿದಾಗ, ಸೇವಾ ಕೇಂದ್ರದವರು ಬಿಡಿಭಾಗ ಇಲ್ಲ, ಹೊಸ ಮಾದರಿ ಕೊಳ್ಳಿ ಎಂದರು. ಎಸ್‌.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಅದೇ ಅಳತೆಯ ಬ್ಯಾಟರಿ ಸಿಕ್ಕಿತು. ನಾಲ್ಕು ಸ್ಕ್ರೂ ಬಿಚ್ಚಿ ಹಾಕಿದೆ, ಇಂದಿಗೂ ಅದು ಮೂರು ಕೋಣೆಗಳನ್ನು ಒಂದೇ ಸುತ್ತಿನಲ್ಲಿ ಮುಗಿಸುತ್ತದೆ.

ಅಪ್ಪ ಅಮ್ಮನಿಗೆ ಮುಂದಿನ ಯುಗಾದಿಗೆ ಲೇಸರ್ ಯಂತ್ರ ಕೊಡಿಸುತ್ತೇನೆ, ಬಟ್ಟೆ ತೊಳೆಯುವ ಡಾಕ್ ಇಲ್ಲದ್ದು, ಹಗುರವಾದದ್ದು. ಹೊಸ್ತಿಲು ದಾಟಿಸಲು ಎತ್ತಬೇಕಾದ ಮನೆಯಲ್ಲಿ ಬಟ್ಟೆ ತೊಳೆಯಲು ತಾನಾಗಿ ಡಾಕ್‌ಗೆ ಮರಳುವ ಯಂತ್ರ ಒಂದು ಕೋಣೆಗಷ್ಟೇ ಉಪಯೋಗ. ಒರೆಸುವುದಕ್ಕೆ ವಾರಕ್ಕೆ ಎರಡು ದಿನ ಬರಲು ಬೀದಿಯ ಕೊನೆಯ ಮನೆಯ ಅಕ್ಕ ಒಪ್ಪಿದ್ದಾರೆ.