ಥ್ರಿಲ್ಲರ್‌ನ ಎರಡನೇ ಭಾಗ: ಸಾಫ್ಟ್‌ವೇರೋ, ಸ್ಪ್ರೆಡ್‌ಶೀಟೋ, ಕಾಗದದ ಕಾರ್ಡೋ?

ಮೊದಲೇ ಹೇಳಿಬಿಡುತ್ತೇನೆ. ನನ್ನ ಕಾದಂಬರಿಯ ಎರಡನೇ ಭಾಗವನ್ನು ಉಳಿಸಿದ್ದು ಒಂದು ಕಟ್ಟು ಕಾಗದದ ಕಾರ್ಡು. ಅದಕ್ಕೆ ಮೊದಲು ದುಡ್ಡು ಕೊಟ್ಟು ಒಂದು ಸಾಫ್ಟ್‌ವೇರ್ ಕೊಂಡಿದ್ದೆ, ಸ್ಪ್ರೆಡ್‌ಶೀಟ್ ಹಿಡಿದುಕೊಂಡು ತಿಂಗಳುಗಟ್ಟಲೆ ಒದ್ದಾಡಿದ್ದೆ.

ತೊಂದರೆ ಇದು. ಸತ್ತನೆಂದು ಎಲ್ಲರೂ ನಂಬಿದ ಸಾಕ್ಷಿ ಬದುಕಿದ್ದಾನೆ ಎಂಬ ಗುಟ್ಟಿನ ಮೇಲೆ ಇಡೀ ಎರಡನೇ ಭಾಗ ನಿಂತಿತ್ತು. 30ನೇ ಅಧ್ಯಾಯದವರೆಗೆ ಅದು ನಾಯಕಿಗೆ ಗೊತ್ತಾಗಬಾರದು. 20 ಅಧ್ಯಾಯ ಬರೆದ ಮೇಲೆ ಮೊದಲ ಭಾಗವನ್ನು ಮತ್ತೆ ಓದಿದೆ. ಕೊನೆಯ ಪುಟದಲ್ಲಿ ಅವಳಿಗೆ ಒಂದು ಫೋನ್ ಬರುತ್ತದೆ, ಆ ಕಡೆಯಿಂದ ಅವನದೇ ದನಿ! ಓದುಗರು ಬೆಚ್ಚಲಿ ಅಂತ ಸುಮ್ನೆ ಸೇರಿಸಿದ್ದ ಸಾಲು ಅದು. ಪುಸ್ತಕ ಅಚ್ಚಾಗಿದೆ, ಇನ್ನು ತಿದ್ದುವ ಹಾಗಿಲ್ಲ.

ಇಂಥದ್ದು ದೊಡ್ಡವರಿಗೂ ತಪ್ಪಿಲ್ಲ. 1887ರಲ್ಲಿ ಬಂದ ಷರ್ಲಾಕ್ ಹೋಮ್ಸ್‌ನ ಮೊದಲ ಕಾದಂಬರಿಯಲ್ಲಿ ಅವನ ಗೆಳೆಯ ವಾಟ್ಸನ್‌ಗೆ ಗುಂಡು ತಗುಲಿದ್ದು ಭುಜಕ್ಕೆ. 1890ರ ಎರಡನೇ ಕಾದಂಬರಿಗೆ ಬರುವಷ್ಟರಲ್ಲಿ ಆ ಗಾಯ ಕಾಲಿಗೆ ಇಳಿದಿದೆ. ಆದರೆ ಅಲ್ಲಿ ಕತೆ ಆ ಗಾಯವನ್ನು ನಂಬಿಕೊಂಡಿರಲಿಲ್ಲ. ನನ್ನ ಕತೆ ಆ ಫೋನಿನ ಮೇಲೇ ಮುಗ್ಗರಿಸಿತ್ತು.

ಸಾಫ್ಟ್‌ವೇರ್ ಚೆನ್ನಾಗಿಯೇ ಇತ್ತು. ದೃಶ್ಯಗಳನ್ನು ಎಳೆದು ಹಿಂದೆ ಮುಂದೆ ಮಾಡಬಹುದು, ಬರಹ, ಟಿಪ್ಪಣಿ ಎಲ್ಲ ಒಂದೇ ಕಡೆ. ಆದರೆ ನನ್ನ ಚಿಕ್ಕ ಪರದೆಯಲ್ಲಿ ಒಂದು ಸಲಕ್ಕೆ ಎಂಟು ಹತ್ತು ದೃಶ್ಯಗಳಷ್ಟೇ ಕಾಣುತ್ತಿದ್ದವು. 3ನೇ ಅಧ್ಯಾಯ ಮತ್ತು 28ನೇ ಅಧ್ಯಾಯ ಅಕ್ಕಪಕ್ಕ ಬೇಕು ಅಂದರೆ ಮೇಲೆ ಕೆಳಗೆ ಓಡಾಡಬೇಕು.

ಯೋಜನೆ ಇಲ್ಲದೆ ಬರೆಯುತ್ತಾ ಹೋಗುವುದನ್ನೂ ನೋಡಿದೆ. ಮೊದಲ ಭಾಗಕ್ಕೆ ಸರಿ, ಎರಡನೆಯದಕ್ಕೆ ಬೇಡ.

ಇನ್ನು ಸ್ಪ್ರೆಡ್‌ಶೀಟ್. ಅಧ್ಯಾಯ, ದಿನ, ಜಾಗ, ಯಾರು ಇದ್ದರು ಅಂತ ಕಾಲಂ ಹಾಕಿದೆ. ದಿನದ ಕಾಲಂನಲ್ಲಿ ವಾರದ ಹೆಸರು ಬರೆದು ಸಾರ್ಟ್ ಮಾಡಿದೆ. ಅದು ಅಕ್ಷರ ನೋಡಿ ಜೋಡಿಸಿತು. ಗುರುವಾರ ಆದಮೇಲೆ ಬುಧವಾರ! ಅದು ಕಣ್ಣಿಗೆ ಬಿತ್ತು, ಸರಿಮಾಡಿ ತಾರೀಕು ಹಾಕಿದೆ.

ನಿಜವಾದ ಏಟು ಬಿದ್ದದ್ದು ಆಮೇಲೆ. ಎರಡನೇ ಸಲ ತಾರೀಕಿನ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಒತ್ತಿದ್ದೆ. ತಾರೀಕುಗಳು ಕ್ರಮಕ್ಕೆ ಬಂದವು, ಉಳಿದ ಕಾಲಂ ಕದಲಲಿಲ್ಲ. ನನ್ನ ಕತೆಯಲ್ಲಿ 4, 11, 17ನೇ ಅಧ್ಯಾಯಗಳು ಹಿಂದಿನ ವರ್ಷದ ಫ್ಲ್ಯಾಶ್‌ಬ್ಯಾಕ್. ಆ ಹಳೆಯ ತಾರೀಕುಗಳು ಮೇಲಕ್ಕೆ ಹೋಗಿ ಕೂತವು, 17ಕ್ಕಿಂತ ಹಿಂದಿನ ಉಳಿದವು ಒಂದರಿಂದ ಮೂರು ಮನೆ ಕೆಳಗೆ ಜಾರಿದವು. ನೋಡಲು ಪಟ್ಟಿ ಮೊದಲಿಗಿಂತ ಅಚ್ಚುಕಟ್ಟಾಗಿತ್ತು. ಹಾಗಾಗಿಯೇ ಅನುಮಾನ ಬರಲಿಲ್ಲ.

ಫೈಲ್ ಮುಚ್ಚಿ, ಅದನ್ನೇ ನಂಬಿ ಮೂರು ಅಧ್ಯಾಯ ಬರೆದೆ. ಹೆಣ ಸಿಗುವ ಎರಡು ದಿನ ಮೊದಲೇ ಮರಣೋತ್ತರ ಪರೀಕ್ಷೆಯ ವರದಿ ಬಂದಿತ್ತು. ಮೂರೂ ಅಧ್ಯಾಯ ಬಿಸಾಡಬೇಕಾಯಿತು, ತುಂಬಾ ಸಂಕಟವಾಯಿತು. ಸ್ಪ್ರೆಡ್‌ಶೀಟ್ ಬಳಸುವವರು ದಯವಿಟ್ಟು ಎರಡು ಕೆಲಸ ಮಾಡಿ. ಯಾವಾಗಲೂ ಇಡೀ ಪಟ್ಟಿ ಆರಿಸಿಕೊಂಡೇ ಸಾರ್ಟ್ ಮಾಡಿ. ಮೊದಲ ಕಾಲಂನಲ್ಲಿ 1, 2, 3 ಅಂತ ಕ್ರಮಸಂಖ್ಯೆ ಇರಲಿ, ಹಳೆಯ ಕ್ರಮಕ್ಕೆ ವಾಪಸ್ ಬರಬಹುದು.

ಆಮೇಲೆ ಕಾರ್ಡಿಗೆ ಬಂದೆ. ದೃಶ್ಯಕ್ಕೊಂದು ಕಾರ್ಡು. ಮೇಲೆ ತಾರೀಕು, ನಡುವೆ ಒಂದು ಸಾಲಿನಲ್ಲಿ ಏನಾಯಿತು, ಕೆಳಗೆ ಯಾರಿಗೆ ಹೊಸದಾಗಿ ಏನು ಗೊತ್ತಾಯಿತು. ನಾಯಕಿಗೆ ಕೆಂಪು ಶಾಯಿ, ತನಿಖಾಧಿಕಾರಿಗೆ ನೀಲಿ, ಓದುಗರಿಗೆ ಹಸಿರು. ಮೊದಲ ಭಾಗದಲ್ಲಿ ಅಚ್ಚಾಗಿ ಹೋದ ಸಂಗತಿಗಳಿಗೆ ಕಪ್ಪು ಅಂಚಿನ ಕಾರ್ಡು, ಅವು ಮುಟ್ಟಬಾರದವು. ಎಲ್ಲವನ್ನೂ ನೆಲದ ಮೇಲೆ ಹರಡಿ ಕೊನೆಯಿಂದ ಹಿಂದಕ್ಕೆ ಬಂದೆ. ಪ್ರತಿ ಕಾರ್ಡಿಗೂ ಒಂದೇ ಪ್ರಶ್ನೆ: ಇದು ಇವರಿಗೆ ಹೇಗೆ ಗೊತ್ತಾಯಿತು?

ಆಗ ಕಂಡಿತು. ಫೋನಿನ ಕಾರ್ಡಿನಲ್ಲಿ ಕೆಂಪು, ಹಸಿರು ಎರಡೂ ಇದ್ದವು, ನೀಲಿ ಇರಲಿಲ್ಲ. ಗುಟ್ಟು ನಾಯಕಿಗೂ ಗೊತ್ತು, ಓದುಗರಿಗೂ ಗೊತ್ತು. ಗೊತ್ತಿಲ್ಲದವನು ತನಿಖಾಧಿಕಾರಿ ಒಬ್ಬನೇ! ಹಾಗಾದರೆ ಅವಳು ಅದನ್ನು ಅವನಿಂದ ಮುಚ್ಚಿಡುತ್ತಿದ್ದಾಳೆ, ಅಲ್ವಾ? ಅವಳು ಒಂದೊಂದು ಸುಳ್ಳು ಹೇಳಿದಾಗಲೂ ಈಗ ಓದುಗರ ಎದೆ ಹೊಡೆದುಕೊಳ್ಳುತ್ತದೆ. 20ರಲ್ಲಿ 14 ಅಧ್ಯಾಯಗಳು ಸಣ್ಣ ತಿದ್ದುಪಡಿಯಲ್ಲೇ ಉಳಿದವು.

ಇದೇ ಮೂರು ಬಣ್ಣವನ್ನು ಸ್ಪ್ರೆಡ್‌ಶೀಟಿನಲ್ಲೂ ಹಾಕಬಹುದಿತ್ತು, ನಿಜ. ಆದರೆ ನನ್ನದು ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಬೆಳಿಗ್ಗೆ ಸಿಗುವ ಒಂದು ತಾಸಿನಲ್ಲಿ ಬರೆಯುವುದು. ಆ ಹೊತ್ತಿಗೆ ಇನ್ನೊಂದು ಪರದೆ ಬೇಡ ಅನಿಸುತ್ತದೆ, ಖರ್ಚು ಮಾಡಲು ಜಾಸ್ತಿ ದುಡ್ಡೂ ಇಲ್ಲ. ನೂರಕ್ಕಿಂತ ಹೆಚ್ಚು ದೃಶ್ಯ ಇದ್ದರೆ, ಊರೂರು ತಿರುಗುತ್ತಾ ಬರೆಯುವವರಾದರೆ ಕಾರ್ಡು ಕಷ್ಟ. ಅದರಲ್ಲಿ ಹುಡುಕಲು ಬರುವುದಿಲ್ಲ, ಫ್ಯಾನ್ ಹಾಕಿದರೆ ಹಾರುತ್ತವೆ. ನಾನು ಪ್ರತಿ ದಿನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡುತ್ತೇನೆ.

ಈಗ ಎರಡನೇ ಭಾಗದ ಕೊನೆಯ ಅಧ್ಯಾಯಗಳಲ್ಲಿದ್ದೇನೆ. ಒಂದೊಂದು ಅಧ್ಯಾಯ ಮುಗಿದ ಕೂಡಲೇ ಅದರ ಕಪ್ಪು ಅಂಚಿನ ಕಾರ್ಡನ್ನೂ ಬರೆದಿಡುತ್ತಿದ್ದೇನೆ, ಮೂರನೇ ಭಾಗಕ್ಕೆ.