ಬಳ್ಳಾರಿಯ ಜರ್ಸಿ ಅಂಗಡಿ: ಪ್ರಿಂಟಿಂಗ್ ಚೆನ್ನಾಗಿದೆ, ಆದ್ರೆ ಬೆನ್ನ ಮೇಲೆ ಯಾರ ಹೆಸರು?

ರಾಯಲ್ ಸರ್ಕಲ್‌ನಿಂದ ಸ್ವಲ್ಪ ಒಳಗೆ ಒಂದು ಸಣ್ಣ ಅಂಗಡಿ ಇದೆ. ಜರ್ಸಿ ಹೊಲಿದು, ಹೆಸರು ನಂಬರ್ ಹಾಕಿ ಕೊಡ್ತಾರೆ. ನಮ್ಮ ಓಣಿ ಹುಡುಗರ ಫುಟ್‌ಬಾಲ್ ಟೀಮಿಗೆ ಅಲ್ಲೇ ಮಾಡಿಸಿದೆವು. ಎಲ್ಲರಿಗೂ ಬೆಂಗಳೂರಿನ ಫುಟ್‌ಬಾಲ್ ಕ್ಲಬ್ಬು ಬೆಂಗಳೂರು ಎಫ್‌ಸಿ ತರದ ನೀಲಿಯೇ ಬೇಕಿತ್ತು. ಬೇಡ ಅಂತಾರಾ? ಆ ಟೀಮು ಸೀಸನ್ ಶುರುವಾಗೋ ಮುಂಚೆ ಎಷ್ಟೋ ಸಲ ಬೆವರು ಹರಿಸಿದ್ದು ಇಲ್ಲೇ, ತೋರಣಗಲ್ಲು ಪಕ್ಕದ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಅನ್ನೋ ಕ್ರೀಡಾ ತರಬೇತಿ ಸಂಸ್ಥೆಯ ಮೈದಾನದಲ್ಲಿ. ಕ್ಲಬ್ಬಿನ ಲೋಗೋ ಮಾತ್ರ ಹಾಕಲ್ಲ ಅಂದರು ಅಂಗಡಿಯವರು. ಒಳ್ಳೇದೇ ಆಯ್ತು.

ಬಟ್ಟೆ ತೆಳುವಾದ ಪಾಲಿಯೆಸ್ಟರ್, ಸಣ್ಣ ಸಣ್ಣ ತೂತಿನದು. ನಮ್ಮೂರ ಬಿಸಿಲಿಗೆ ಅದೇ ಸರಿ. ಹೊಲಿಗೆ ಬಗ್ಗೆ ಜೀನ್ಸ್ ಹೊಲಿಯೋ ಊರಲ್ಲಿ ಯಾರೂ ಯಾಮಾರಿಸೋಕೆ ಆಗಲ್ಲ, ಇವರೂ ಯಾಮಾರಿಸಿಲ್ಲ. ಕಂಕುಳ ಹತ್ತಿರ ಎರಡು ಸಲ ಹೊಲಿದಿದ್ದಾರೆ.

ಪ್ರಿಂಟ್‌ನಲ್ಲಿ ಎರಡು ತರ. ಸಬ್ಲಿಮೇಷನ್ ಅಂದ್ರೆ ಬಿಳಿ ಬಟ್ಟೆ ಮೇಲೆ ನೀಲಿ, ಹೆಸರು, ನಂಬರ್ ಎಲ್ಲಾ ಒಟ್ಟಿಗೆ ಅಚ್ಚು ಹಾಕಿ ಆಮೇಲೆ ಹೊಲಿಯೋದು. ಬಣ್ಣ ನೂಲಿಗೇ ಇಳಿಯುತ್ತೆ, ಎಷ್ಟು ಒಗೆದರೂ ಕೀಳಲ್ಲ, ಆದರೆ ಹೆಸರು ಬದಲಿಸೋಕೂ ಆಗಲ್ಲ. ಇನ್ನೊಂದು ವಿನೈಲ್, ಬಿಸಿ ಪ್ರೆಸ್ಸಲ್ಲಿ ಅಂಟಿಸೋದು. ಬೇಕಂದಾಗ ಬಿಸಿ ಕೊಟ್ಟು ತೆಗೀಬಹುದು, ಸ್ವಲ್ಪ ಕಲೆ ಉಳಿಯುತ್ತೆ ಅಷ್ಟೆ. ಕೌಂಟರ್ ಹುಡುಗ ನಗ್ತಾ ಹೇಳಿದ: "ಅಣ್ಣ, ಫಾರಿನ್ ಪ್ಲೇಯರ್ ಹೆಸರಾದ್ರೆ ವಿನೈಲೇ ಹಾಕಿಸ್ರಿ."

ಆಟಗಾರ ಯಾವಾಗ ಕ್ಲಬ್ ಬಿಟ್ಟು ಹೋಗ್ತಾನೋ ಗೊತ್ತಿಲ್ಲ ಅಂತ ಅವನ ಮಾತು. ತಮಾಷೆ ಅಲ್ಲ ಅದು, 2023ರ ಕಥೆ ನೋಡಿ. ಆ ಮಾರ್ಚ್‌ನಲ್ಲಿ ಬೆಂಗಳೂರು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ಗೆ ಬಂದು, ಪೆನಾಲ್ಟಿಯಲ್ಲಿ ಸೋತಿತ್ತು. ಅದೇ ಬೇಸಿಗೆಯಲ್ಲಿ ಫಿಜಿ ದೇಶದ ಸ್ಟ್ರೈಕರ್ ರಾಯ್ ಕೃಷ್ಣ ಒಡಿಶಾ ಕ್ಲಬ್ಬಿಗೆ ಹೋದ, ಡಿಫೆಂಡರ್ ಸಂದೇಶ್ ಝಿಂಗನ್ ಮತ್ತು ಉದಾಂತ ಸಿಂಗ್ ಗೋವಾ ಕ್ಲಬ್ಬಿಗೆ ಹೋದರು. ಮುಂದೆ ಗೋಲು ಹೊಡೆಯೋನು, ಹಿಂದೆ ಗೋಡೆ ಕಟ್ಟೋನು ಒಂದೇ ಸಲ ಖಾಲಿ. ಮುಂದಿನ ಸೀಸನ್‌ನಲ್ಲಿ 12 ಟೀಮುಗಳಲ್ಲಿ 10ನೇ ಜಾಗ, ಮಧ್ಯದಲ್ಲಿ ಕೋಚ್ ಸೈಮನ್ ಗ್ರೇಸನ್ ಕೆಲಸಾನೂ ಹೋಯ್ತು. ಅತ್ತ ರಾಯ್ ಕೃಷ್ಣ ಒಡಿಶಾಗೆ 13 ಗೋಲು ಹೊಡೆದ. ಉರಿಯುತ್ತೆ ಅಲ್ವಾ?

ದೊಡ್ಡ ಆಟಗಾರ ಇಲ್ಲ ಅಂದ್ರೆ ಸೀಸನ್ ಮುಗೀತು ಅಂತಲೂ ಅಲ್ಲ. 2018-19ರಲ್ಲಿ ಬೆಂಗಳೂರಿನ ಫಾರಿನ್ ಸ್ಟ್ರೈಕರ್ ಮಿಕು ಗಾಯ ಆಗಿ ಎಷ್ಟೋ ಪಂದ್ಯ ಹೊರಗೇ ಕೂತಿದ್ದ. ಹಿಂದಿನ ಸೀಸನ್‌ನಲ್ಲಿ 15 ಗೋಲು ಹೊಡೆದವನು! ಆದ್ರೂ ಕಪ್ ಬಂತು, ಯಾಕಂದ್ರೆ ಉಳಿದ ಟೀಮು ಹಾಗೇ ಇತ್ತು, ಕ್ಯಾಪ್ಟನ್ ಸುನಿಲ್ ಛೆಟ್ರಿ ಇದ್ದ, ಫೈನಲ್‌ನಲ್ಲಿ ಡಿಫೆಂಡರ್ ರಾಹುಲ್ ಭೇಕೆ ಹೆಚ್ಚುವರಿ ಸಮಯದಲ್ಲಿ ತಲೆ ಕೊಟ್ಟು ಗೋಲು ಹೊಡೆದ. ಒಬ್ಬ ಗಾಯ ಆಗಿ ಕೂತರೆ ವಾಪಸ್ ಬರ್ತಾನೆ, ಅಲ್ಲೀವರೆಗೆ ಪಕ್ಕದವನು ತಳ್ಳಬಹುದು. ಮೂರ್ನಾಲ್ಕು ಜನ ಒಟ್ಟಿಗೆ ಎದ್ದು ಹೋದ್ರೆ ಟೀಮನ್ನ ಮೊದಲಿನಿಂದ ಕಟ್ಟಬೇಕು. ನನ್ನ ಪ್ರಕಾರ ನಿಜವಾದ ಪೆಟ್ಟು ಅದು.

ಅದಕ್ಕೇ ನಮ್ಮ ಟೀಮಲ್ಲಿ ಜಾಸ್ತಿ ಜನ 11 ಹಾಕಿ ಛೆಟ್ರಿ ಅಂತ ಬರೆಸಿದರು. ಅದು ಸಬ್ಲಿಮೇಷನ್‌ನಲ್ಲೇ ಮಾಡಿಸಿದೆವು, ಭಯ ಇಲ್ಲ. 2013ರಿಂದ ಇರೋ ಮನುಷ್ಯ, ನಡುವೆ ಲೋನ್ ಮೇಲೆ, ಅಂದ್ರೆ ಸ್ವಲ್ಪ ಕಾಲಕ್ಕೆ ಎರವಲಾಗಿ, ಮುಂಬೈ ಕ್ಲಬ್ಬಿಗೆ ಹೋಗಿದ್ದು ಬಿಟ್ಟರೆ. 2024-25ರಲ್ಲಿ 40 ದಾಟಿದ್ರೂ 14 ಗೋಲು ಹೊಡೆದ. ಸಂತೋಷ ಒಂದು ಕಡೆ, ಆದ್ರೆ ಇವನು ಬೂಟು ಬಿಚ್ಚಿದ ದಿನ ಆ ಗೋಲುಗಳನ್ನ ಯಾರು ತರ್ತಾರೆ ಅನ್ನೋದಕ್ಕೆ ಕ್ಲಬ್ ಇನ್ನೂ ಉತ್ತರ ಕೊಟ್ಟಿಲ್ಲ. ಒಬ್ಬ ಹುಡುಗ ಮಾತ್ರ ಭೇಕೆ ಹೆಸರು ಬರೆಸಿದ. 2021ರಲ್ಲಿ ಮುಂಬೈಗೆ ಹೋಗಿ 2024ರಲ್ಲಿ ವಾಪಸ್ ಬಂದವನು, ಹಳೇ ಜರ್ಸಿ ಇಟ್ಟುಕೊಂಡವರಿಗೆ ಲಾಭ.

ಬೇಜಾರಿನ ವಿಷಯ ಒಂದೇ, ಹೇಳಿದ ದಿನಕ್ಕೆ ಕೊಡಲ್ಲ. ಪಂದ್ಯದ ಹಿಂದಿನ ರಾತ್ರಿ ಹುಡುಗರು ಅಂಗಡಿ ಮುಂದೆ ಕಾದು ನಿಂತಿದ್ರು. ಇಂಗ್ಲಿಷ್ ಅಕ್ಷರ ಬಲು ಚೆಂದ, ಕನ್ನಡದ ಒತ್ತಕ್ಷರ ಮಾತ್ರ ಒಂದಕ್ಕೊಂದು ತಾಗುತ್ತೆ, ಪ್ರೂಫ್ ನೋಡಿಯೇ ಓಕೆ ಅನ್ನಿ. ಐದಕ್ಕೆ ನಾಲ್ಕು ಸ್ಟಾರ್. ಹೋಗೋದಾದ್ರೆ ಟೂರ್ನಮೆಂಟಿಗೆ ಎರಡು ವಾರ ಮುಂಚೆಯೇ ಹೋಗಿ, ಅಡ್ವಾನ್ಸ್ ಪೂರ್ತಿ ಕೊಡಬೇಡಿ.