ಟ್ಯಾಂಕಿನ ರಾಡು ಮತ್ತು ಪೈವಳಿಕೆಯ ಏರು: ಲಾರಿ ಟ್ರ್ಯಾಕಿಂಗಿನ ಎರಡೂವರೆ ವರ್ಷ

ಕಾಸರಗೋಡು ಜಿಲ್ಲೆಯ ಬಾಯಾರು ಕಡೆಯ ಕೋರೆಗಳಿಂದ ಮಂಗಳೂರಿಗೆ ಕೆಂಪುಕಲ್ಲು ಸಾಗಿಸುವ ನಾಲ್ಕು ಲಾರಿಗಳು ನನ್ನಲ್ಲಿವೆ. ಎರಡೂವರೆ ವರ್ಷದ ಹಿಂದೆ ನಾಲ್ಕಕ್ಕೂ ಜಿಪಿಎಸ್ ಪೆಟ್ಟಿಗೆಯನ್ನೂ ಟ್ಯಾಂಕಿನೊಳಗೆ ಡೀಸೆಲ್ ಅಳೆಯುವ ರಾಡನ್ನೂ ಹಾಕಿಸಿದೆ. ಸರ್ಕಾರದ ನಿಯಮದಂತೆ ಬಸ್ಸು, ಟ್ಯಾಕ್ಸಿಗಳಲ್ಲಿ ಹಾಕಬೇಕಾದ ತುರ್ತು ಗುಂಡಿಯ ಎಐಎಸ್-140 ಉಪಕರಣದ ವಿಚಾರ ಬೇರೆ. ನಾನು ಹಾಕಿಸಿದ್ದು ತಿಂಗಳ ಕೊನೆಗೆ ಡೀಸೆಲ್ ಲೆಕ್ಕ ಕೂಡಿಬರುತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ಪೆಟ್ಟಿಗೆಗೆ ತಲಾ 5,500 ರೂಪಾಯಿ, ರಾಡಿಗೆ 11,000, ಅದರ ಮೇಲೆ ವರ್ಷದ ಚಂದಾ. ಪೆಟ್ಟಿಗೆಯ ಬಗ್ಗೆ ನನಗೆ ದೊಡ್ಡ ದೂರಿಲ್ಲ. ರಾಡಿನ ದೆಸೆಯಿಂದ ಮಾತ್ರ ಹನ್ನೊಂದು ವರ್ಷ ನಮ್ಮಲ್ಲಿ ದುಡಿದ ಡ್ರೈವರರೊಬ್ಬರ ಮುಂದೆ ತಲೆ ತಗ್ಗಿಸಬೇಕಾಯಿತು.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಬೆಳಗ್ಗೆ ಐದೂಕಾಲಕ್ಕೆ ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕುಳಿತು ಮೊಬೈಲ್ ತೆರೆದರೆ ನಾಲ್ಕು ಚುಕ್ಕಿಗಳು ಕೆಂಪಾಗಿ ಮಲಗಿರುತ್ತವೆ. ಒಂದೊಂದಾಗಿ ಹಳದಿಯಾಗಿ, ಆಮೇಲೆ ಹಸಿರಾಗಿ ಕೈಕಂಬದತ್ತ ಇಳಿಯಲು ತೊಡಗುವಷ್ಟರಲ್ಲಿ ನನ್ನ ಕಾಫಿ ಮುಗಿದಿರುತ್ತದೆ. "ಎಲ್ಲಿಗೆ ಮುಟ್ಟಿತು?" ಎಂದು ಕೇಳುವ ಫೋನ್ ಕರೆಗಳು ಮನೆಯಲ್ಲಿ ನಿಂತೇಹೋದವು, ಡ್ರೈವರುಗಳಿಗೂ ಅದೇ ನೆಮ್ಮದಿ. ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ದಾಟುವಾಗ ಸಿಮ್ ಜಾಲ ಬದಲಿಸುವುದರಿಂದ ಚುಕ್ಕಿ ಐದಾರು ನಿಮಿಷ ಅಲ್ಲಿಯೇ ನಿಂತು, ಬಳಿಕ ಒಮ್ಮೆಲೇ ಕೋಟೆಕಾರಿಗೆ ಹಾರುತ್ತದೆ. ಪೆಟ್ಟಿಗೆ ಈ ನಡುವಿನ ದಾರಿಯನ್ನು ತನ್ನಲ್ಲಿ ಉಳಿಸಿಕೊಂಡು ಸಿಗ್ನಲ್ ಬಂದಾಗ ಕಳುಹಿಸುವುದರಿಂದ ದಾಖಲೆಯಲ್ಲಿ ಏನೂ ತಪ್ಪಿಹೋಗುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಹೊಸ ಷಟ್ಪಥ ನಕ್ಷೆಗೆ ಸೇರುವ ಮೊದಲು ಲಾರಿಗಳು ಯಾರದೋ ತೆಂಗಿನ ತೋಟದೊಳಗೆ ಓಡುತ್ತಿದ್ದುದೂ, ನಾವು ಹುಟ್ಟಿನಿಂದ ಮಂಜೇಶ್ವರ ಎಂದೇ ಕರೆಯುವ ಊರು ಈಗಲೂ ಅದರಲ್ಲಿ ಮಂಜೇಶ್ವರಂ ಆಗಿರುವುದೂ ಸಹಿಸಬಹುದಾದ ಸಂಗತಿಗಳು.

ನಾನು ನಿರೀಕ್ಷಿಸದೆ ಸಿಕ್ಕ ಲಾಭ ಹಾಲ್ಟಿಂಗ್ ಹಣ, ಅಂದರೆ ಲಾರಿಯನ್ನು ಕಾಯಿಸಿದ್ದಕ್ಕೆ ಕೊಡಬೇಕಾದ ಹಣ. ಕಲ್ಲು ಇಳಿಸುವಲ್ಲಿ ಲಾರಿ ಕಾದದ್ದೇ ಇಲ್ಲ ಎಂದು ವಾದಿಸುತ್ತಿದ್ದ ಗುತ್ತಿಗೆದಾರರೊಬ್ಬರಿಗೆ ಬಂದ ಸಮಯ, ಹೊರಟ ಸಮಯಗಳ ವರದಿಯನ್ನು ಮುದ್ರಿಸಿ ಕೊಟ್ಟ ಮೇಲೆ ಅವರು ಮರುಮಾತಿಲ್ಲದೆ ಹಣ ಕೊಟ್ಟರು.

ಇನ್ನು ರಾಡು. ಒಂದರೊಳಗೊಂದು ಇರುವ ಎರಡು ಲೋಹದ ಕೊಳವೆಗಳ ನಡುವೆ ಡೀಸೆಲ್ ಎಷ್ಟು ಎತ್ತರಕ್ಕೆ ನಿಂತಿದೆಯೋ ಅದಕ್ಕೆ ತಕ್ಕಂತೆ ವಿದ್ಯುತ್ ಧಾರಕತೆ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ಬದಲಾಗುತ್ತದೆ, ಅದನ್ನು ಲೀಟರಿಗೆ ಪರಿವರ್ತಿಸಿ ತೋರಿಸುತ್ತಾರೆ. ಅಳವಡಿಸಿದ ದಿನ ಟ್ಯಾಂಕ್ ಪೂರ್ತಿ ಬರಿದು ಮಾಡಿ, 20 ಲೀಟರಿನಂತೆ ಹತ್ತು ಸಲ ಸುರಿದು, ಪ್ರತಿ ಸಲವೂ ಅಂಕಿ ಬರೆದುಕೊಂಡರು. ಶ್ರದ್ಧೆಯ ಕೆಲಸವೇ, ಆದರೆ ನಡೆದದ್ದು ಸಮತಟ್ಟಾದ ಅಂಗಳದಲ್ಲಿ. ರಾಡನ್ನು ಕೂರಿಸಿದ್ದು ಟ್ಯಾಂಕಿನ ಮುಂದಿನ ತುದಿಯಲ್ಲಿ, ಏಕೆಂದರೆ ಕೊರೆಯಲು ಅಲ್ಲಿ ಕೈ ಸುಲಭವಾಗಿ ಹೋಗುತ್ತಿತ್ತು.

ಎರಡು ತಿಂಗಳು ಕಳೆಯುವಷ್ಟರಲ್ಲಿ ಒಂದೇ ಲಾರಿಯಿಂದ ರಾತ್ರಿ ಹೊತ್ತು "ಡೀಸೆಲ್ ಕಳವು, 18 ಲೀಟರ್" ಎಂಬ ಎಚ್ಚರಿಕೆ ಬರತೊಡಗಿತು. ಮೂರು ವಾರದಲ್ಲಿ ಏಳು ಸಲ. ಡೀಸೆಲ್ ತುಂಬಿಸಿದಾಗ ಬರುವ ಸಂದೇಶಗಳನ್ನು, ಹೇಗೂ ಪಂಪಿನ ಬಿಲ್ಲು ಬರುತ್ತದಲ್ಲ ಎಂದು, ನಾನೇ ನಿಲ್ಲಿಸಿದ್ದೆ. ನಿಲ್ಲಿಸಿರದಿದ್ದರೆ ರಾತ್ರಿ ಕಳುವಾದ 18 ಲೀಟರ್ ಬೆಳಗ್ಗೆ ತಾನಾಗಿ ಮರಳಿ ತುಂಬಿಕೊಳ್ಳುವುದು ಕಾಣಿಸುತ್ತಿತ್ತು. ಸಹಾಯವಾಣಿಯವರು ಸೆನ್ಸರಿನಲ್ಲಿ ದೋಷವಿಲ್ಲ ಎಂದರು. ನಾನು ಆ ಲಾರಿಯ ಡ್ರೈವರರ ಬತ್ತೆ ತಡೆಹಿಡಿದು, ಆಡಬಾರದ ಮಾತನ್ನೂ ಆಡಿದೆ. ಅವರು ಸಿಟ್ಟಾಗಲಿಲ್ಲ. "ಧಣೀ, ಆ ಮೊಬೈಲ್ ಬಿಡಿ. ನಾಳೆ ಬೆಳಗ್ಗೆ ನಮ್ಮಲ್ಲಿಗೆ ಬನ್ನಿ, ಟ್ಯಾಂಕಿಗೆ ಕೋಲು ಹಾಕಿ ನೋಡುವ" ಎಂದರು.

ಅವರ ಮನೆ ಪೈವಳಿಕೆಯ ಒಂದು ಏರಿನಲ್ಲಿದೆ. ರಾತ್ರಿ ಲಾರಿ ಮೂತಿ ಮೇಲೆ ಮಾಡಿ ನಿಲ್ಲುತ್ತದೆ. ರಾಡಿನ ಪಕ್ಕದಲ್ಲೇ ಇರುವ ಮುಚ್ಚಳ ತೆಗೆದು ಬಿದಿರಿನ ಸಲಾಕೆಯನ್ನು ಇಳಿಸಿ, ಒದ್ದೆಯಾದಲ್ಲಿ ಉಗುರಿನಿಂದ ಗೀರು ಹಾಕಿದರು. ಲಾರಿಯನ್ನು ಕೆಳಗಿನ ಸಮತಟ್ಟು ಜಾಗಕ್ಕೆ ತಂದು ಮತ್ತೆ ಇಳಿಸಿದಾಗ ಒದ್ದೆ ಗೀರಿಗಿಂತ ಎರಡು ಬೆರಳು ಮೇಲಿತ್ತು. ಮನೆಗೆ ಬಂದು ಲೆಕ್ಕ ಹಾಕಿದೆ: ನೂರಕ್ಕೆ ಹತ್ತರ ಏರಿನಲ್ಲಿ, ಟ್ಯಾಂಕಿನ ನಡುವಿನಿಂದ 40 ಸೆಂ.ಮೀ. ಮುಂದಿರುವ ರಾಡಿನ ಬಳಿ ಮಟ್ಟ 4 ಸೆಂ.ಮೀ. ಇಳಿಯುತ್ತದೆ; 45 ಸೆಂ.ಮೀ. ಎತ್ತರದ 200 ಲೀಟರಿನ ಟ್ಯಾಂಕಿನಲ್ಲಿ ಅದು ಸುಮಾರು 18 ಲೀಟರ್. ಸಹಾಯವಾಣಿಯವರು ಹೇಳಿದ್ದು ನಿಜ, ಸೆನ್ಸರಿನಲ್ಲಿ ದೋಷವಿರಲಿಲ್ಲ. ಗುಡ್ಡಗಳೇ ತುಂಬಿರುವ ನಾಡಿನಲ್ಲಿ ಅದನ್ನು ಎಲ್ಲಿ ಕೂರಿಸಬೇಕೆಂದು ಯೋಚಿಸುವವರಿರಲಿಲ್ಲ.

ಬತ್ತೆಯನ್ನು ಅಂದೇ ಕೊಟ್ಟೆ. ಉಳಿದದ್ದಕ್ಕೆ ಅವರ ಮನೆಗೆ ಇನ್ನೊಮ್ಮೆ ಹೋಗಬೇಕಾಯಿತು.

ನಾಲ್ಕೂ ರಾಡುಗಳನ್ನು ಟ್ಯಾಂಕಿನ ನಡುವಿಗೆ ಸರಿಸಿ, ಹಳೆಯ ತೂತು ಮುಚ್ಚಿ, ಮತ್ತೆ ಹತ್ತು ಸಲ ಸುರಿದು ಅಳೆಯಲು ಲಾರಿಯೊಂದಕ್ಕೆ 1,800 ರೂಪಾಯಿ ನನ್ನಿಂದಲೇ ವಸೂಲಾಯಿತು. ಅದರ ಕಹಿ ಇನ್ನೂ ಹೋಗಿಲ್ಲ. ಆದರೆ ಆ ಬಳಿಕ ಸುಳ್ಳು ಎಚ್ಚರಿಕೆ ಬಂದದ್ದು ಎರಡೇ ಸಲ, ಎರಡೂ ಲಾರಿ ಒಂದು ಮಗ್ಗುಲಿಗೆ ವಾಲಿ ನಿಂತಿದ್ದಾಗ. ಡೀಸೆಲ್ ನಿಜವಾಗಿ ಸೋರುತ್ತಿದ್ದ ಜಾಗವೂ ಸಿಕ್ಕಿತು: ಇಳಿಸುವ ಸರದಿಯಲ್ಲಿ ಎಂಜಿನ್ ನಿಲ್ಲಿಸದೆ ಕಾಯುತ್ತಿದ್ದುದು. ಗಂಟೆಗೆ ಒಂದೂವರೆ, ಎರಡು ಲೀಟರಿನಂತೆ ನಾಲ್ಕು ಲಾರಿಗಳದ್ದು ಸೇರಿದರೆ ತಿಂಗಳಿಗೆ ಸಣ್ಣ ಮೊತ್ತವಲ್ಲ, ಮತ್ತು ಅದರಲ್ಲಿ ಯಾರ ಕಳ್ಳತನವೂ ಇರಲಿಲ್ಲ.

ಕಳೆದ ತಿಂಗಳು ನಾಲ್ಕಕ್ಕೂ ಚಂದಾ ನವೀಕರಿಸಿದೆ. ನಿಮ್ಮ ದಾರಿ ಉಪ್ಪಳದಿಂದ ಮಂಗಳೂರಿನವರೆಗಿನ ಹೆದ್ದಾರಿಯಷ್ಟೇ ಆಗಿದ್ದರೆ ರಾಡು ಎಲ್ಲಿದ್ದರೂ ನಡೆದೀತು. ಒಳನಾಡಿನ ಏರಿಳಿತಗಳಲ್ಲಿ ಓಡುವವರು ಟ್ಯಾಂಕ್ ಕೊರೆಯುವಾಗ ಪಕ್ಕದಲ್ಲಿ ನಿಂತು ನಡುವಿನಲ್ಲೇ ಹಾಕಿಸಿಕೊಳ್ಳಿ. ನಮ್ಮ ಡ್ರೈವರರು ಆ ಬಿದಿರಿನ ಸಲಾಕೆಯನ್ನು ಸೀಟಿನ ಹಿಂದೆ ಇಟ್ಟುಕೊಂಡಿದ್ದಾರೆ. ಪ್ರತಿ ಸೋಮವಾರ ಅಳೆದು ಅದರ ಫೋಟೋ ಕಳುಹಿಸುತ್ತಾರೆ. ಕಳುಹಿಸಬೇಡಿ ಎಂದರೂ ನಿಲ್ಲಿಸಿಲ್ಲ.